ಎಂಟು ರೂಪಾಯಿ ಊಟ, ವಾರಕ್ಕೊಂದು ಗಂಟೆ ಆಟ: ಎಳೆಯರ ಬುದ್ಧಿಯ ಜಮಾಖರ್ಚು

ಅಂಗನವಾಡಿಗೆ ಬರುವ ಒಂದು ಮಗುವಿನ ಪೂರಕ ಆಹಾರಕ್ಕೆ ದಿನಕ್ಕೆ 8 ರೂಪಾಯಿ. 2017ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಪರಿಷ್ಕರಿಸಿದ ದರ ಇದು. ವರ್ಷಕ್ಕೆ 300 ದಿನದಂತೆ 2,400 ರೂಪಾಯಿ ಆಗುತ್ತದೆ. ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಇನ್ನೊಂದು ಅಂಕಿ ಒಡಿಶಾದ ಹಳ್ಳಿಗಳದ್ದು. ತಾಯಂದಿರನ್ನೂ ಎಳೆಯ ಮಕ್ಕಳನ್ನೂ ವಾರಕ್ಕೊಮ್ಮೆ ಒಟ್ಟಿಗೆ ಕೂರಿಸಿ, ಮಗುವಿನೊಂದಿಗೆ ಆಡುವುದು, ಮಾತಾಡುವುದು ಹೇಗೆಂದು ತೋರಿಸಿಕೊಟ್ಟ ಪ್ರಯೋಗಕ್ಕೆ ಅಲ್ಲಿ ತಗುಲಿದ್ದು ಮಗುವೊಂದಕ್ಕೆ ವರ್ಷಕ್ಕೆ 38 ಡಾಲರ್, ಆಗಿನ ವಿನಿಮಯ ದರದಲ್ಲಿ ಸುಮಾರು 2,500 ರೂಪಾಯಿ. ಎರಡೂ ಮೊತ್ತ ಹೆಚ್ಚೂಕಡಿಮೆ ಒಂದೇ. ಊಟದ ಬಾಬ್ತು 50 ವರ್ಷಗಳಿಂದ ಸರ್ಕಾರಿ ಲೆಕ್ಕಪುಸ್ತಕದಲ್ಲಿದೆ. ಆಟ-ಮಾತಿನ ಬಾಬ್ತಿಗೆ ಮಗುವೊಂದಕ್ಕೆ ಇಷ್ಟು ಎಂಬ ದರವನ್ನೇ ಗೊತ್ತುಪಡಿಸಿಲ್ಲ.

ಮಗುವಿನ ಬುದ್ಧಿಯಲ್ಲಿ ಅಪ್ಪ ಅಮ್ಮನಿಂದ ಬಂದ ವಂಶವಾಹಿಗಳ ಪಾಲು ಇದ್ದೇ ಇದೆ. ಅದನ್ನು ಯಾವ ಇಲಾಖೆಯೂ ಬದಲಾಯಿಸಲಾರದು. ಉಳಿದ ಪಾಲಿನಲ್ಲಿ ತೂಗಬಹುದಾದ, ಅಳೆಯಬಹುದಾದ, ಬೆಲೆ ಕಟ್ಟಬಹುದಾದ ವಸ್ತುಗಳು ಅನೇಕ. ಕೆಲವು ಮೈಕ್ರೋಗ್ರಾಂನಲ್ಲಿ ಬೇಕು, ಕೆಲವು ಮಿಲಿಗ್ರಾಂನಲ್ಲಿ, ಕೆಲವು ಗಂಟೆಗಳಲ್ಲಿ. ಅವನ್ನು ಒಂದೊಂದಾಗಿ ತಕ್ಕಡಿಗೆ ಹಾಕಿದರೆ, ಯಾವುದು ಅಗ್ಗ, ಯಾವುದು ದುಬಾರಿ, ಎಲ್ಲಿ ಕೈ ಬಿಗಿ ಹಿಡಿದಿದ್ದೇವೆ ಎಂಬುದು ಬಯಲಾಗುತ್ತದೆ.

ಐದು ವರ್ಷದ ಮಿದುಳು ಉಣ್ಣುವುದೆಷ್ಟು?

ಹುಟ್ಟುವಾಗ ಮಗುವಿನ ಮಿದುಳಿನ ತೂಕ 350ರಿಂದ 400 ಗ್ರಾಂ. ದೊಡ್ಡವರದ್ದು 1,300ರಿಂದ 1,400 ಗ್ರಾಂ. ಎರಡು ವರ್ಷ ತುಂಬುವಷ್ಟರಲ್ಲಿ ಅದು ದೊಡ್ಡವರ ಮಿದುಳಿನ ಮುಕ್ಕಾಲು ಭಾಗ ಮುಟ್ಟಿರುತ್ತದೆ, ಆರನೇ ವರ್ಷಕ್ಕೆ ಸುಮಾರು ಶೇ 90. ಮೊದಲ ಕೆಲವು ವರ್ಷ ನರಕೋಶಗಳ ನಡುವೆ ಪ್ರತಿ ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ಹೊಸ ಕೊಂಡಿಗಳು ಏರ್ಪಡುತ್ತವೆ ಎಂಬುದು ಹಾರ್ವರ್ಡ್ ವಿಶ್ವವಿದ್ಯಾಲಯದ ಮಕ್ಕಳ ಬೆಳವಣಿಗೆ ಕೇಂದ್ರದ ಅಂದಾಜು.

ಇಲ್ಲೊಂದು ಎಚ್ಚರಿಕೆ. ಮಿದುಳಿನ ಬೆಳವಣಿಗೆಯಲ್ಲಿ ಶೇ 85ಕ್ಕೂ ಹೆಚ್ಚು ಆರು ವರ್ಷದೊಳಗೇ ಮುಗಿಯುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಖಾಸಗಿ ಎಲ್‌ಕೆಜಿಗಳ ಜಾಹೀರಾತುಗಳಿಗೂ ಈ ಅಂಕಿ ಪ್ರಿಯ. ಇದನ್ನು ಮಿದುಳಿನ ಗಾತ್ರದ ಲೆಕ್ಕವಾಗಿ ಓದಬೇಕೇ ಹೊರತು ಬುದ್ಧಿಯ ಲೆಕ್ಕವಾಗಿ ಅಲ್ಲ. ಗಾತ್ರ ಆರಕ್ಕೆ ಬಹುಪಾಲು ಮುಗಿದರೂ ಕೊಂಡಿಗಳನ್ನು ಸವರುವ, ಗಟ್ಟಿಗೊಳಿಸುವ ಕೆಲಸ ಇಪ್ಪತ್ತು ದಾಟಿದ ಮೇಲೂ ನಡೆಯುತ್ತದೆ. ಆರು ವರ್ಷಕ್ಕೆ ಬಾಗಿಲು ಹಾಕಿತೆಂದು ಯಾವ ತಾಯಿಯೂ ಹೆದರಬೇಕಿಲ್ಲ. ಆದರೆ ಈ ಅವಧಿಯಲ್ಲಿ ಸಾಮಗ್ರಿ ಕಡಿಮೆಯಾದರೆ ಮುಂದೆ ತುಂಬಿಕೊಡುವುದು ಕಷ್ಟ.

ಈ ಕಟ್ಟೋಣಕ್ಕೆ ಶಕ್ತಿ ಬೇಕು. ದೊಡ್ಡವರಲ್ಲಿ ದೇಹ ಸುಮ್ಮನಿರುವಾಗ ಬಳಸುವ ಶಕ್ತಿಯ ಐದನೇ ಒಂದು ಭಾಗ ಮಿದುಳಿಗೆ ಹೋಗುತ್ತದೆ. ಅಮೆರಿಕದ ಮಾನವಶಾಸ್ತ್ರಜ್ಞ ಕ್ರಿಸ್ಟೋಫರ್ ಕುಜಾವಾ ಮತ್ತು ಸಂಗಡಿಗರು 2014ರಲ್ಲಿ ಲೆಕ್ಕ ಹಾಕಿದಂತೆ, ಐದು ವರ್ಷದ ಆಸುಪಾಸಿನ ಮಗುವಿನಲ್ಲಿ ಆ ಪಾಲು ಶೇ 66. ಓಡಾಟ, ಆಟ ಎಲ್ಲ ಸೇರಿಸಿದ ಇಡೀ ದಿನದ ಖರ್ಚಿನಲ್ಲೂ ಶೇ 43ರಷ್ಟು ಮಿದುಳಿನದೇ. ಮಿದುಳು ಹೆಚ್ಚು ಉಣ್ಣುವ ಆ ವರ್ಷಗಳಲ್ಲೇ ಮೈ ನಿಧಾನವಾಗಿ ಬೆಳೆಯುವುದನ್ನೂ ಅವರು ಗಮನಿಸಿದರು.

ಇದನ್ನು ನಮ್ಮ ತಟ್ಟೆಗೆ ತಂದು ನೋಡೋಣ. ನಾಲ್ಕರಿಂದ ಆರು ವರ್ಷದ ಭಾರತೀಯ ಮಗುವಿಗೆ ದಿನಕ್ಕೆ 1,360 ಕಿಲೋ ಕ್ಯಾಲೊರಿ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ 2020ರ ಪಟ್ಟಿ ಹೇಳುತ್ತದೆ. ಅದರಲ್ಲಿ ಶೇ 43 ಎಂದರೆ ಸುಮಾರು 585. ಅಂಗನವಾಡಿಯ ಪೂರಕ ಆಹಾರದ ಅಳತೆ 500 ಕಿಲೋ ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್. ಅಂದರೆ ಇಡೀ ಅಂಗನವಾಡಿ ಊಟ ಮಿದುಳೊಂದರ ದಿನದ ಬೇಡಿಕೆಯನ್ನೂ ಪೂರ್ತಿ ತುಂಬುವುದಿಲ್ಲ. ಅದು ಪೂರಕವಷ್ಟೇ, ಉಳಿದದ್ದು ಮನೆಯಲ್ಲಿ ಸಿಗಬೇಕು ಎಂಬ ಎಣಿಕೆ ಇದರ ಹಿಂದಿದೆ. ಮನೆಯಲ್ಲಿ ಸಿಗುತ್ತಿದೆಯೇ? 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಆರರಿಂದ 23 ತಿಂಗಳ ಮಕ್ಕಳ ಪೈಕಿ ಸಾಕಷ್ಟು ಬಾರಿ, ಸಾಕಷ್ಟು ಬಗೆಯ ಆಹಾರ ಸಿಗುತ್ತಿದ್ದುದು ಶೇ 11.3 ಮಕ್ಕಳಿಗೆ ಮಾತ್ರ.

ಊಟ ಕಡಿಮೆಯಾದಾಗ ದೇಹ ಮೊದಲು ಎತ್ತರವನ್ನು ಬಿಟ್ಟುಕೊಡುತ್ತದೆ. ಹೀಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲದ ಐದು ವರ್ಷದೊಳಗಿನ ಮಕ್ಕಳು ಕರ್ನಾಟಕದಲ್ಲಿ ಶೇ 35.4. ನಾಲ್ಕನೇ ಸಮೀಕ್ಷೆಯಲ್ಲಿ ಶೇ 36.2 ಇದ್ದದ್ದು ಒಂದು ಅಂಶದಷ್ಟೂ ಇಳಿದಿಲ್ಲ. ಯಾದಗಿರಿ ಜಿಲ್ಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಈ ಸಾಲಿನಲ್ಲಿದ್ದಾರೆ. ಕುಳ್ಳಗಿರುವುದೇ ದಡ್ಡತನಕ್ಕೆ ಕಾರಣವಲ್ಲ. ಆದರೆ ಮೈಯನ್ನು ಕುಗ್ಗಿಸುವ ಹಸಿವು, ಪದೇ ಪದೇ ಬರುವ ಭೇದಿ, ತಾಯಿಯ ರಕ್ತಹೀನತೆ ಇವೇ ಮಿದುಳನ್ನೂ ಕಾಡುತ್ತವೆ. ಗ್ವಾಟೆಮಾಲಾದ ನಾಲ್ಕು ಹಳ್ಳಿಗಳಲ್ಲಿ 1969ರಿಂದ 1977ರವರೆಗೆ ನಡೆದ ಪ್ರಯೋಗದಲ್ಲಿ ಎರಡು ಹಳ್ಳಿಗಳಿಗೆ ಪ್ರೋಟೀನ್ ಇರುವ ಗಂಜಿ, ಎರಡಕ್ಕೆ ಪ್ರೋಟೀನ್ ಇಲ್ಲದ ಸಿಹಿ ಪಾನಕ ಕೊಟ್ಟರು. ಮೂರು ದಶಕದ ನಂತರ ನೋಡಿದಾಗ, ಎರಡು ವರ್ಷ ತುಂಬುವ ಮೊದಲು ಗಂಜಿ ಕುಡಿದಿದ್ದ ಗಂಡಸರ ಗಂಟೆಗೂಲಿ ಉಳಿದವರದ್ದಕ್ಕಿಂತ ಸರಾಸರಿ ಶೇ 46 ಹೆಚ್ಚಿತ್ತು.

ಮೈಕ್ರೋಗ್ರಾಂ ಲೆಕ್ಕ: ಅಯೋಡಿನ್

ಅಯೋಡಿನ್ ಇಲ್ಲದೆ ಥೈರಾಯ್ಡ್ ಹಾರ್ಮೋನ್ ತಯಾರಾಗದು, ಆ ಹಾರ್ಮೋನ್ ಇಲ್ಲದೆ ಗರ್ಭದಲ್ಲಿ ನರಕೋಶಗಳು ತಮ್ಮ ಜಾಗ ಸೇರವು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಅಳತೆ ಐದು ವರ್ಷದೊಳಗಿನ ಮಗುವಿಗೆ 90 ಮೈಕ್ರೋಗ್ರಾಂ, ವಯಸ್ಕರಿಗೆ 150, ಬಸುರಿ-ಬಾಣಂತಿಯರಿಗೆ 250. ಬಸುರಿಯ 280 ದಿನಗಳಿಗೆ ಕೂಡಿದರೆ 70 ಮಿಲಿಗ್ರಾಂ. ಎಪ್ಪತ್ತು ವರ್ಷ ಬದುಕುವ ಮನುಷ್ಯನಿಗೆ ಇಡೀ ಆಯುಷ್ಯಕ್ಕೆ ಬೇಕಾಗುವುದು ನಾಲ್ಕು ಗ್ರಾಂಗಿಂತ ಕಡಿಮೆ.

ಇಷ್ಟು ಚಿಕ್ಕ ಪ್ರಮಾಣವನ್ನು ಮನೆಮನೆಗೆ ಮುಟ್ಟಿಸುವ ದಾರಿ ಉಪ್ಪು. ಕಾಂಗ್ರಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಹೋದ್ಯೋಗಿಗಳು 1956ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ ಕೆಲವು ವಲಯಗಳಿಗೆ ಅಯೋಡಿನ್ ಬೆರೆಸಿದ ಉಪ್ಪು, ಒಂದು ವಲಯಕ್ಕೆ ಬರೀ ಉಪ್ಪು ಹೋಯಿತು. ಆರು ವರ್ಷದಲ್ಲಿ ಅಯೋಡಿನ್ ಸಿಕ್ಕ ಕಡೆ ಗಳಗಂಡ ಸುಮಾರು ಅರ್ಧಕ್ಕೆ ಇಳಿಯಿತು. ಬರೀ ಉಪ್ಪಿನ ವಲಯದಲ್ಲಿ ಇಳಿಯಲಿಲ್ಲ. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂದದ್ದು ಇದರ ಬೆನ್ನಿಗೇ. ಈಗ ಕಾರ್ಖಾನೆಯಲ್ಲಿ ಉಪ್ಪಿಗೆ 30 ಪಿಪಿಎಂ, ಗ್ರಾಹಕನ ಕೈಸೇರುವಾಗ ಕನಿಷ್ಠ 15 ಪಿಪಿಎಂ ಅಯೋಡಿನ್ ಇರಬೇಕೆಂಬುದು ನಿಯಮ. ಲೆಕ್ಕ ಸುಲಭ: 15 ಪಿಪಿಎಂ ಎಂದರೆ ಗ್ರಾಂಗೆ 15 ಮೈಕ್ರೋಗ್ರಾಂ, 10 ಗ್ರಾಂ ಉಪ್ಪಿನಲ್ಲಿ 150. ತಲೆಗೆ ವರ್ಷಕ್ಕೆ ಇದರ ಹೆಚ್ಚುವರಿ ಖರ್ಚು ಸುಮಾರು 5 ಅಮೆರಿಕನ್ ಸೆಂಟ್, ನಾಲ್ಕೈದು ರೂಪಾಯಿ.

ಇದರ ಪ್ರತಿಫಲ? ಅಯೋಡಿನ್ ಕೊರತೆ ತೀವ್ರವಾಗಿದ್ದ ಪ್ರದೇಶಗಳ 18 ಅಧ್ಯಯನಗಳನ್ನು ಒಟ್ಟುಗೂಡಿಸಿದ 1994ರ ವಿಶ್ಲೇಷಣೆಯಲ್ಲಿ ಸರಾಸರಿ ಐಕ್ಯೂ ವ್ಯತ್ಯಾಸ 13.5 ಅಂಕ. ಮೊದಲೇ ಸಾಕಷ್ಟು ಅಯೋಡಿನ್ ಇರುವ ಮಗುವಿಗೆ ಇನ್ನಷ್ಟು ಕೊಟ್ಟರೆ ಅಂಕ ಏರುವುದಿಲ್ಲ. ಇದು ತೂತು ಮುಚ್ಚುವ ಲೆಕ್ಕ. ಆದರೂ ಇಷ್ಟು ಅಗ್ಗದ ಕೆಲಸದಲ್ಲೇ ನಾವು ಎಡವಿದ್ದೇವೆ. ಅಯೋಡಿನ್ ಇಲ್ಲದ ಉಪ್ಪಿನ ಮಾರಾಟವನ್ನು 1998ರಲ್ಲಿ ದೇಶದಾದ್ಯಂತ ನಿಷೇಧಿಸಿ, 2000ದಲ್ಲಿ ಹಿಂತೆಗೆದು, 2006ರಲ್ಲಿ ಮತ್ತೆ ಹೇರಲಾಯಿತು. 2018–19ರ ಭಾರತ ಅಯೋಡಿನ್ ಸಮೀಕ್ಷೆಯ ಹೊತ್ತಿಗೆ ತಕ್ಕಷ್ಟು ಅಯೋಡಿನ್ ಇರುವ ಉಪ್ಪು ಬಳಸುತ್ತಿದ್ದ ಮನೆಗಳು ಶೇ 76.3. ಉಳಿದ ಸುಮಾರು ಕಾಲು ಭಾಗದ ಮನೆಗಳಲ್ಲಿ ಅಯೋಡಿನ್ ಇಲ್ಲದ ಇಲ್ಲವೇ ಸಾಲದ ಉಪ್ಪು ಅಡುಗೆಗೆ ಬೀಳುತ್ತಿತ್ತು.

ಅಯೋಡಿನ್ ಇದ್ದರೂ ಥೈರಾಯ್ಡ್ ಗ್ರಂಥಿಯೇ ಕೆಲಸ ಮಾಡದ ಶಿಶುಗಳು ಭಾರತದಲ್ಲಿ ಸುಮಾರು ಸಾವಿರಕ್ಕೊಂದು. ಹುಟ್ಟಿದ ಮೂರು-ನಾಲ್ಕನೇ ದಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ನೋಡಿದರೆ ಇದು ಪತ್ತೆಯಾಗುತ್ತದೆ. ಕೆ.ಜಿ. ತೂಕಕ್ಕೆ 10ರಿಂದ 15 ಮೈಕ್ರೋಗ್ರಾಂ, ಅಂದರೆ ಮೂರು ಕೆ.ಜಿ. ಶಿಶುವಿಗೆ ದಿನಕ್ಕೆ 30ರಿಂದ 45 ಮೈಕ್ರೋಗ್ರಾಂ ಥೈರಾಕ್ಸಿನ್ ಗುಳಿಗೆಯನ್ನು ಎರಡು ವಾರದೊಳಗೆ ಆರಂಭಿಸಿದರೆ ಮಗು ಉಳಿದವರಂತೆಯೇ ಬೆಳೆಯುತ್ತದೆ. ಗುಳಿಗೆಗೆ ಒಂದೆರಡು ರೂಪಾಯಿ. ತಿಂಗಳುಗಟ್ಟಲೆ ತಡವಾದರೆ ಆದ ಹಾನಿಯನ್ನು ಎಷ್ಟು ದುಡ್ಡು ಸುರಿದರೂ ಪೂರ್ತಿ ತುಂಬಲಾಗದು.

ಮಿಲಿಗ್ರಾಂ ಲೆಕ್ಕ: ಕಬ್ಬಿಣ

ನಾಲ್ಕನೇ ಮತ್ತು ಐದನೇ ಕುಟುಂಬ ಆರೋಗ್ಯ ಸಮೀಕ್ಷೆಗಳ ನಡುವೆ ಕರ್ನಾಟಕದಲ್ಲಿ ಆರರಿಂದ 59 ತಿಂಗಳ ಮಕ್ಕಳಲ್ಲಿ ರಕ್ತಹೀನತೆ ಶೇ 60.9ರಿಂದ ಶೇ 65.5ಕ್ಕೆ ಏರಿದೆ. ದೇಶದಲ್ಲಿ ಅದು ಶೇ 58.6ರಿಂದ 67.1ಕ್ಕೆ ಹೋಗಿದೆ. ರಾಜ್ಯದ ಬಸುರಿಯರಲ್ಲಿ ಶೇ 45.7. ಎತ್ತರದ ಅಂಕಿ ನಿಂತಲ್ಲೇ ನಿಂತಿದ್ದರೆ, ರಕ್ತದ ಅಂಕಿ ಹಿಂದಕ್ಕೆ ನಡೆದಿದೆ.

ಕಬ್ಬಿಣ ರಕ್ತಕ್ಕಷ್ಟೇ ಅಲ್ಲ, ನರತಂತುಗಳ ಮೇಲಿನ ಹೊದಿಕೆಗೂ ನರಸಂದೇಶ ಒಯ್ಯುವ ರಾಸಾಯನಿಕಗಳಿಗೂ ಬೇಕು. ಕೋಸ್ಟರಿಕಾದಲ್ಲಿ ಬೆಟ್ಸಿ ಲೋಜಾಫ್ ಮತ್ತು ತಂಡ ಶಿಶುವಯಸ್ಸಿನಲ್ಲಿ ಕಬ್ಬಿಣದ ಕೊರತೆಯಿದ್ದ ಮಕ್ಕಳನ್ನು 19 ವರ್ಷ ಹಿಂಬಾಲಿಸಿತು. ಮಧ್ಯಮವರ್ಗದ ಮನೆಗಳಲ್ಲಿ ದೀರ್ಘಕಾಲದ ಕೊರತೆಯಿದ್ದವರು ಬುದ್ಧಿಯ ಪರೀಕ್ಷೆಗಳಲ್ಲಿ ಉಳಿದವರಿಗಿಂತ 8–9 ಅಂಕ ಹಿಂದಿದ್ದರು, ಆ ಅಂತರ ಹಾಗೇ ಉಳಿಯಿತು. ಬಡವರ ಮನೆಗಳಲ್ಲಿ ಅದು 10 ಅಂಕದಿಂದ 25 ಅಂಕಕ್ಕೆ ಹಿಗ್ಗಿತು. ಕೊರತೆ ಒಂದೇ, ನಷ್ಟ ಬೇರೆ ಬೇರೆ. ಮನೆಯಲ್ಲಿ ಉಳಿದ ಆಸರೆ ಎಷ್ಟಿದೆ ಎಂಬುದರ ಮೇಲೆ ಒಂದೇ ಕೊರತೆಯ ಬೆಲೆ ಎರಡು-ಮೂರು ಪಟ್ಟಾಗುತ್ತದೆ ಎಂಬುದು ಈ ಎರಡು ಅಂಕಿಗಳ ಹುರುಳು.

ಪರಿಹಾರದ ಪ್ರಮಾಣ ನೋಡಿ. 2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಡಿ ಆರರಿಂದ 59 ತಿಂಗಳ ಮಗುವಿಗೆ ವಾರಕ್ಕೆರಡು ಬಾರಿ ಒಂದೊಂದು ಮಿಲಿಲೀಟರ್ ಸಿರಪ್ ಕೊಡಬೇಕು. ಪ್ರತಿ ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಕಬ್ಬಿಣ, 100 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ವರ್ಷಕ್ಕೆ 104 ಮಿಲಿಲೀಟರ್, ಅಂದರೆ 50 ಮಿಲಿಲೀಟರಿನ ಎರಡು ಬಾಟಲಿ ಮತ್ತು ಸ್ವಲ್ಪ. ಕಬ್ಬಿಣದ ತೂಕ ಎರಡು ಗ್ರಾಂ ಚಿಲ್ಲರೆ. ಸರ್ಕಾರ ಇದನ್ನು ಉಚಿತವಾಗಿ ಕೊಡುತ್ತದೆ. ಬಾಟಲಿ ಮನೆಗೆ ಬಂದ ಮೇಲೆ ವಾರದಲ್ಲಿ ಎರಡು ದಿನ ನೆನಪಿಟ್ಟು ಹಾಕುವವರು ಬೇಕು, ಮಲ ಕಪ್ಪಾದರೆ ಗಾಬರಿಯಾಗಬೇಡಿ ಎಂದು ಮೊದಲೇ ಹೇಳುವವರು ಬೇಕು. ಮಗುವಿನ ಕೈಗೆ ಬಾಟಲಿ ಸಿಗದಂತೆ ಎತ್ತಿಡಲೂ ಬೇಕು, ಏಕೆಂದರೆ ಒಮ್ಮೆಲೇ ಹೆಚ್ಚು ಹೊಟ್ಟೆ ಸೇರಿದರೆ ಕಬ್ಬಿಣ ವಿಷ.

ಇನ್ನೂ ಅಗ್ಗದ ಕಬ್ಬಿಣವೊಂದಿದೆ. ಹೆರಿಗೆಯಾದ ತಕ್ಷಣ ಹೊಕ್ಕುಳಬಳ್ಳಿ ಕತ್ತರಿಸದೆ ಒಂದರಿಂದ ಮೂರು ನಿಮಿಷ ಕಾದರೆ ಮಾಸಿನಲ್ಲಿ ಉಳಿದ ರಕ್ತ ಮಗುವಿಗೆ ಹರಿಯುತ್ತದೆ. 2011ರಲ್ಲಿ ಪ್ರಕಟವಾದ ಸ್ವೀಡನ್ನಿನ ಪ್ರಯೋಗದಲ್ಲಿ ಮೂರು ನಿಮಿಷ ಕಾದ ಶಿಶುಗಳಲ್ಲಿ ನಾಲ್ಕನೇ ತಿಂಗಳಿಗೆ ಕಬ್ಬಿಣದ ಕೊರತೆ ಶೇ 0.6, ಕೂಡಲೇ ಕತ್ತರಿಸಿದವರಲ್ಲಿ ಶೇ 5.7. ಖರ್ಚು ಸೊನ್ನೆ.

ಕಳೆಯುವ ಬಾಬ್ತು: ಸೀಸ

ಈವರೆಗಿನವು ಕೂಡಿಸುವ ಲೆಕ್ಕ. ಸೀಸ ಕಳೆಯುವ ಲೆಕ್ಕ. ಇಂತಿಷ್ಟಿದ್ದರೆ ತೊಂದರೆಯಿಲ್ಲ ಎನ್ನುವ ಪ್ರಮಾಣವೇ ಇದಕ್ಕಿಲ್ಲ. ಬ್ರೂಸ್ ಲ್ಯಾನ್‌ಫಿಯರ್ ಮತ್ತು ಸಹವರ್ತಿಗಳು ಹಲವು ದೇಶಗಳ ಮಕ್ಕಳ ಮಾಹಿತಿಯನ್ನು ಒಟ್ಟುಮಾಡಿ 2005ರಲ್ಲಿ ತೋರಿಸಿದಂತೆ, ರಕ್ತದ ಸೀಸ ಡೆಸಿಲೀಟರಿಗೆ 2.4ರಿಂದ 10 ಮೈಕ್ರೋಗ್ರಾಂಗೆ ಏರಿದಾಗ 3.9 ಐಕ್ಯೂ ಅಂಕ ಹೋಗುತ್ತದೆ. ಹತ್ತರಿಂದ ಇಪ್ಪತ್ತಕ್ಕೆ ಏರಿದರೆ ಇನ್ನು 1.9, ಇಪ್ಪತ್ತರಿಂದ ಮೂವತ್ತಕ್ಕೆ 1.1. ಮೊದಲ ಕೆಲವು ಮೈಕ್ರೋಗ್ರಾಂಗಳೇ ಹೆಚ್ಚು ಕಸಿಯುತ್ತವೆ.

ಯುನಿಸೆಫ್ ಮತ್ತು ಪ್ಯೂರ್ ಅರ್ತ್ 2020ರಲ್ಲಿ ಹೊರತಂದ ವರದಿಯ ಅಂದಾಜಿನಂತೆ, ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸವಿರುವ ಮಕ್ಕಳು ಜಗತ್ತಿನಲ್ಲಿ 80 ಕೋಟಿವರೆಗೆ, ಭಾರತದಲ್ಲಿ ಸುಮಾರು 27.5 ಕೋಟಿ. ಈ ವಿಷಯದಲ್ಲಿ ಬೆಂಗಳೂರಿಗೆ ಹಳೆಯ ನಂಟಿದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತುಪ್ಪಿಲ್ ವೆಂಕಟೇಶ್ ಅವರು ಜಾರ್ಜ್ ಫೌಂಡೇಶನ್ ಜೊತೆಗೂಡಿ 1990ರ ದಶಕದ ಕೊನೆಯಲ್ಲಿ ಮಹಾನಗರಗಳ ಮಕ್ಕಳ ರಕ್ತ ಪರೀಕ್ಷಿಸಿದಾಗ, ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ 10 ಮೈಕ್ರೋಗ್ರಾಂ ದಾಟಿತ್ತು. ಸೀಸದ ವಿಷದ ಕುರಿತು 1999ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 2000ದಲ್ಲಿ ದೇಶದಲ್ಲಿ ಪೆಟ್ರೋಲಿಗೆ ಸೀಸ ಬೆರೆಸುವುದು ನಿಂತಿತು. 2017ರ ನವೆಂಬರ್‌ನಿಂದ ಮನೆ ಬಣ್ಣಗಳಲ್ಲಿ ಸೀಸದ ಮಿತಿ 90 ಪಿಪಿಎಂ.

ಉಳಿದಿರುವ ಮೂಲಗಳು ಹಳೆಯ ಬ್ಯಾಟರಿ ಕರಗಿಸುವ ಗಲ್ಲಿಗಳು, ಕಲಾಯಿ, ಕೆಲವು ಕುಂಕುಮ-ಸುರ್ಮಾ, ಮತ್ತು ಅರಿಸಿನ. ಹಳದಿ ಹೊಳಪಿಗಾಗಿ ಬೆರೆಸುವ ಲೆಡ್ ಕ್ರೋಮೇಟ್ ಸಾರಿನ ಜೊತೆ ಮಗುವಿನ ಹೊಟ್ಟೆ ಸೇರುತ್ತದೆ. ಅರಿಸಿನದಲ್ಲಿ ಗ್ರಾಂಗೆ 10 ಮೈಕ್ರೋಗ್ರಾಂ ಸೀಸವೇ ಕಾನೂನಿನ ಮಿತಿ. 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಟ್ನಾದ ಮಾದರಿಗಳಲ್ಲಿ ಅದು ಸಾವಿರ ದಾಟಿತ್ತು. ಕಷ್ಟವಾದರೂ ಅಸಾಧ್ಯವಲ್ಲ ಎನ್ನಲು ಪಕ್ಕದ ಬಾಂಗ್ಲಾದೇಶ ಸಾಕ್ಷಿ: ಮಾರುಕಟ್ಟೆಯ ಅರಿಸಿನ ಮಾದರಿಗಳಲ್ಲಿ ಸೀಸ ಸಿಕ್ಕ ಪ್ರಮಾಣ 2019ರಲ್ಲಿ ಶೇ 47, ತಪಾಸಣೆ, ದಂಡ, ಪ್ರಚಾರಗಳ ನಂತರ 2021ರಲ್ಲಿ ಸೊನ್ನೆ.

ಈ ಬಾಬ್ತು ಹಿಂದಿನದಕ್ಕೂ ತಗುಲಿಕೊಂಡಿದೆ. ನುಂಗಿದ ಸೀಸವನ್ನು ಮಕ್ಕಳ ಕರುಳು ದೊಡ್ಡವರದ್ದಕ್ಕಿಂತ ನಾಲ್ಕೈದು ಪಟ್ಟು ಹೀರುತ್ತದೆ. ಕಬ್ಬಿಣ ಕಡಿಮೆಯಿರುವ ಮಗುವಿನ ಕರುಳು ಇನ್ನೂ ಹೆಚ್ಚು. ಶೇ 65.5 ರಕ್ತಹೀನತೆಯ ರಾಜ್ಯದಲ್ಲಿ ಸೀಸದ ಲೆಕ್ಕವನ್ನು ಬೇರೆಯಾಗಿ ಬರೆಯಲು ಬರುವುದಿಲ್ಲ.

ಮಾತಿನ ಎಣಿಕೆ: 3 ಕೋಟಿಯೋ, 40 ಲಕ್ಷವೋ?

ಮಕ್ಕಳ ಬುದ್ಧಿಯ ಚರ್ಚೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಉರುಳಾಡುವ ಅಂಕಿ 3 ಕೋಟಿ ಪದಗಳದ್ದು. ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವೃತ್ತಿಪರರ ಮನೆಯ ಮಗುವಿನ ಕಿವಿಗೆ ಗಂಟೆಗೆ 2,153 ಪದ ಬಿದ್ದರೆ, ಸರ್ಕಾರಿ ಸಹಾಯಧನದಲ್ಲಿ ಬದುಕುವ ಮನೆಯಲ್ಲಿ 616. ವಾರಕ್ಕೆ 100 ಗಂಟೆ ಎಚ್ಚರ, ವರ್ಷಕ್ಕೆ 52 ವಾರ, ನಾಲ್ಕು ವರ್ಷ ಎಂದು ಗುಣಿಸಿದರೆ 4.48 ಕೋಟಿ ಮತ್ತು 1.28 ಕೋಟಿ. ಅಂತರ 3 ಕೋಟಿ ದಾಟುತ್ತದೆ.

ಇದನ್ನು ಕಟ್ಟಿದ್ದು ಅಮೆರಿಕದ ಕಾನ್ಸಾಸ್‌ನ 42 ಕುಟುಂಬಗಳ ಮೇಲೆ, ತಿಂಗಳಿಗೊಂದು ಗಂಟೆಯ ಧ್ವನಿಮುದ್ರಣದಿಂದ. ಸಹಾಯಧನದ ಮನೆಗಳು ಆರೇ ಆರು. ಮನೆಗೆ ಬಂದ ಅಪರಿಚಿತರೆದುರು ಯಾರು ಹೆಚ್ಚು ಮಾತಾಡುತ್ತಾರೆ, ಯಾರು ಮೌನವಾಗುತ್ತಾರೆ ಎಂಬುದಕ್ಕೂ ವರ್ಗದ ನಂಟಿದೆ. ಮಗುವಿನ ಅಂಗಿಗೆ ಸಿಕ್ಕಿಸಿದ ಪುಟ್ಟ ಯಂತ್ರದಿಂದ 329 ಕುಟುಂಬಗಳಲ್ಲಿ ಸುಮಾರು 50 ಸಾವಿರ ಗಂಟೆ ದಾಖಲಿಸಿದ 2017ರ ಅಧ್ಯಯನದಲ್ಲಿ ಅಂತರ 40 ಲಕ್ಷ ಪದಕ್ಕೆ ಇಳಿಯಿತು. ಅಜ್ಜಿ, ಅತ್ತೆ, ಅಣ್ಣ, ನೆರೆಮನೆಯವರ ಮಾತನ್ನೂ ಎಣಿಸಿದ ಅಧ್ಯಯನಗಳು ಬಡವರ ಮನೆ ಎಂದರೆ ಮಾತಿಲ್ಲದ ಮನೆ ಎಂಬ ತೀರ್ಮಾನವನ್ನೇ ಪ್ರಶ್ನಿಸಿವೆ. ತುಂಬಿದ ಮನೆ, ಜಗಲಿ, ಕೇರಿಗಳಲ್ಲಿ ಬೆಳೆಯುವ ನಮ್ಮ ಮಕ್ಕಳ ಮಟ್ಟಿಗೆ ಈ ಆಕ್ಷೇಪ ತೂಕದ್ದು.

2018ರಲ್ಲಿ ಎಂಐಟಿಯ ಸಂಶೋಧಕರು ನಾಲ್ಕರಿಂದ ಆರು ವರ್ಷದ 36 ಮಕ್ಕಳನ್ನು ಪರೀಕ್ಷಿಸಿದಾಗ, ಮಗು ಕೇಳಿದ ಒಟ್ಟು ಪದಗಳಿಗಿಂತ ಮಗು-ದೊಡ್ಡವರ ನಡುವಿನ ಮಾತಿನ ಸರದಿಗಳ ಸಂಖ್ಯೆಯೇ ಮಿದುಳಿನ ಭಾಷಾಭಾಗದ ಚಟುವಟಿಕೆಗೆ ಹತ್ತಿರವಿತ್ತು. ಮಗು ಏನೋ ಅಂದಿತು, ದೊಡ್ಡವರು ಉತ್ತರಿಸಿದರು, ಮಗು ಮತ್ತೆ ಅಂದಿತು: ಎಣಿಸಬೇಕಾದದ್ದು ಇದನ್ನು. ಟಿವಿ ಗಂಟೆಗೆ ಸಾವಿರಾರು ಪದ ಸುರಿಸಬಲ್ಲದು, ಒಂದು ಸರದಿಯನ್ನೂ ಕೊಡಲಾರದು. ಎರಡು ವರ್ಷದೊಳಗೆ ಪರದೆ ಬೇಡ, ನಾಲ್ಕರವರೆಗೆ ದಿನಕ್ಕೊಂದು ಗಂಟೆ ಮೀರಬಾರದು, ಮೂರು-ನಾಲ್ಕರ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು ಎಂಬ ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆಯನ್ನು ಇದರ ಜೊತೆಗಿಟ್ಟು ಓದಬೇಕು.

ಗಂಟೆಯ ಲೆಕ್ಕ: ವರ್ಷದಲ್ಲಿ 52

ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1980ರ ದಶಕದಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ತಂಡ ಬೆಳವಣಿಗೆ ಕುಂಠಿತವಾಗಿದ್ದ, 9ರಿಂದ 24 ತಿಂಗಳ 129 ಮಕ್ಕಳನ್ನು ನಾಲ್ಕು ಗುಂಪು ಮಾಡಿತು. ಒಂದಕ್ಕೆ ವಾರಕ್ಕೆ ಒಂದು ಕೆ.ಜಿ. ಹಾಲಿನ ಪುಡಿ ಆಹಾರ, ಇನ್ನೊಂದಕ್ಕೆ ವಾರಕ್ಕೊಂದು ಗಂಟೆ ಆಟ, ಮತ್ತೊಂದಕ್ಕೆ ಎರಡೂ, ನಾಲ್ಕನೆಯದಕ್ಕೆ ಏನೂ ಇಲ್ಲ. ಆಟ ಕಲಿಸಲು ಮನೆಗೆ ಬಂದವರು ಸಮುದಾಯದ ಆರೋಗ್ಯ ಕಾರ್ಯಕರ್ತೆಯರು. ಆಟಿಕೆಗಳನ್ನು ಮನೆಯಲ್ಲಿ ಬಿಸಾಡುವ ಬಾಟಲಿ, ಡಬ್ಬಿಗಳಿಂದ ಮಾಡಿದ್ದರು. ಎರಡು ವರ್ಷದ ಕೊನೆಗೆ ಆಹಾರವೂ ಆಟವೂ ಮಕ್ಕಳನ್ನು ಮೇಲೆತ್ತಿದ್ದವು, ಎರಡೂ ಸಿಕ್ಕವರು ಎಲ್ಲರಿಗಿಂತ ಮುಂದಿದ್ದರು. ಇಪ್ಪತ್ತು ವರ್ಷದ ನಂತರ ಉಳಿದದ್ದು ಆಟದ ಫಲ: ಆ ಮಕ್ಕಳ ಗಳಿಕೆ ಶೇ 25 ಹೆಚ್ಚಿತ್ತು.

ಎರಡು ವರ್ಷಕ್ಕೆ 104 ಗಂಟೆ. ಆ ವಯಸ್ಸಿನ ಮಗು ದಿನಕ್ಕೆ 11–12 ಗಂಟೆ ಎಚ್ಚರವಿದ್ದರೆ ಎರಡು ವರ್ಷಕ್ಕೆ ಸುಮಾರು 8,400 ಗಂಟೆ. ಅದರಲ್ಲಿ 104 ಎಂದರೆ ಶೇ 1.2. ಇಷ್ಟರಿಂದ ಬದುಕು ಹೇಗೆ ಬದಲಾಯಿತು? ಆ ಗಂಟೆ ಮಗುವಿಗಿಂತ ಹೆಚ್ಚಾಗಿ ತಾಯಿಯದಾಗಿತ್ತು. ಅವಳು ನೋಡಿ ಕಲಿತದ್ದು ಉಳಿದ 8,300 ಗಂಟೆಗಳಿಗೆ ಹಬ್ಬಿತು. ಹಾಲಿಗೆ ಹಾಕಿದ ಹೆಪ್ಪಿನಂತೆ ಚಿಕ್ಕ ಪ್ರಮಾಣ ದೊಡ್ಡದನ್ನು ತಿರುಗಿಸಿತು.

ದೊಡ್ಡವರ ಗಮನವೇ ಇಲ್ಲದಿದ್ದರೆ ಆಗುವ ನಷ್ಟವನ್ನು ರುಮೇನಿಯಾ ತೋರಿಸಿತು. ಬುಖಾರೆಸ್ಟ್‌ನ ಅನಾಥಾಲಯಗಳ 136 ಮಕ್ಕಳಲ್ಲಿ ಅರ್ಧದಷ್ಟನ್ನು ಚೀಟಿ ಎತ್ತಿದಂತೆ ಆರಿಸಿ ಸಾಕುಮನೆಗಳಿಗೆ ಕಳಿಸಲಾಯಿತು. ನಾಲ್ಕೂವರೆ ವರ್ಷಕ್ಕೆ ಅಳೆದಾಗ ಅನಾಥಾಲಯದ ಮಕ್ಕಳ ಸರಾಸರಿ ಐಕ್ಯೂ 73, ಸಾಕುಮನೆಯವರದ್ದು 81, ಹೆತ್ತವರ ಜೊತೆ ಬೆಳೆದವರದ್ದು 109. ಎರಡು ವರ್ಷ ತುಂಬುವ ಮೊದಲೇ ಸಾಕುಮನೆ ಸೇರಿದವರು ಹೆಚ್ಚು ಚೇತರಿಸಿಕೊಂಡರು. ಅನಾಥಾಲಯದಲ್ಲೂ ಊಟ, ಬಟ್ಟೆ, ಸೂರು ಇದ್ದವು.

ಜಮೈಕಾದ ಪಾಠಕ್ರಮವೇ ಒಡಿಶಾದ 192 ಹಳ್ಳಿಗಳಿಗೆ, 7ರಿಂದ 16 ತಿಂಗಳ 1,449 ಮಕ್ಕಳಿಗೆ ಬಂತು. ಎರಡು ವರ್ಷದ ನಂತರ ಮನೆಭೇಟಿ ಪಡೆದವರ ಗ್ರಹಣಶಕ್ತಿ 0.32 ಪ್ರಮಾಣ ವಿಚಲನೆಯಷ್ಟು, ಗುಂಪಿನಲ್ಲಿ ಕಲಿತವರದ್ದು 0.28ರಷ್ಟು ಮೇಲೇರಿತ್ತು. ಐಕ್ಯೂ ಮಾಪಕಕ್ಕೆ ಇಳಿಸಿದರೆ ಹತ್ತಿರಹತ್ತಿರ 5 ಮತ್ತು 4 ಅಂಕ. ಫಲದಲ್ಲಿ ಅಂತರ ಕಡಿಮೆ, ಖರ್ಚಿನಲ್ಲಿ ಭಾರಿ: ಮನೆಭೇಟಿಗೆ ವರ್ಷಕ್ಕೆ 135 ಡಾಲರ್, ಗುಂಪಿಗೆ 38.

ಐಕ್ಯೂ ಅಂಕವೇ ಕೊನೆಯ ಮಾತಲ್ಲ ಎಂಬುದನ್ನೂ ಹೇಳಬೇಕು. ಮಿಷಿಗನ್‌ನ ಪೆರ್ರಿ ಶಿಶುವಿಹಾರದಲ್ಲಿ 1962ರಿಂದ 67ರವರೆಗೆ ನಡೆದ ಪ್ರಯೋಗದಲ್ಲಿ 123 ಬಡ ಮಕ್ಕಳಿದ್ದರು. ಶಾಲೆ ಸೇರಿದ ಕೆಲವೇ ವರ್ಷಗಳಲ್ಲಿ ಐಕ್ಯೂ ಮುನ್ನಡೆ ಕರಗಿಹೋಯಿತು. ಆದರೆ ಶಾಲೆ ಮುಗಿಸುವುದರಲ್ಲಿ, ದುಡಿಮೆಯಲ್ಲಿ, ಪೊಲೀಸ್ ಕೇಸುಗಳಿಂದ ದೂರ ಉಳಿಯುವುದರಲ್ಲಿ ವ್ಯತ್ಯಾಸ ದಶಕಗಳ ಕಾಲ ಉಳಿಯಿತು. ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಲೆಕ್ಕದಲ್ಲಿ ಇದರ ಪ್ರತಿಫಲ ವರ್ಷಕ್ಕೆ ಶೇ 7ರಿಂದ 10.

ಒಬ್ಬ ಕಾರ್ಯಕರ್ತೆ, ಆರು ಸೇವೆ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ, 100 ಅಂಗನವಾಡಿಗಳೊಂದಿಗೆ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಊಟದ ವಿಷಯದಲ್ಲಿ ರಾಜ್ಯ ತನ್ನ ಕಡೆಯಿಂದ ಸಾಕಷ್ಟು ಸೇರಿಸಿದೆ: 2013ರಿಂದ ಕ್ಷೀರಭಾಗ್ಯದ ಹಾಲು, 2017ರಿಂದ ಮಾತೃಪೂರ್ಣದ ಬಿಸಿಯೂಟ, ಮಕ್ಕಳಿಗೆ ವಾರಕ್ಕೆರಡು ಮೊಟ್ಟೆ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವ ಘೋಷಣೆ 2023–24ರ ಬಜೆಟ್‌ನಲ್ಲಿ ಬಂತು.

ಗಂಟೆಯ ಬಾಬ್ತು ಬಂದಾಗ ಲೆಕ್ಕ ಬಿಗಿಯಾಗುತ್ತದೆ. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಪೌಷ್ಟಿಕತೆಯ ತಿಳಿವಳಿಕೆ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ಹೀಗೆ ಆರು ಸೇವೆ. ಮೇಲೆ 2021ರಿಂದ ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ತುಂಬಬೇಕು, ಚುನಾವಣೆ-ಸಮೀಕ್ಷೆಗಳ ಕರೆ ಬಂದರೆ ಓಡಬೇಕು. ಮಾಡಲು ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. 2018ರ ಅಕ್ಟೋಬರ್‌ನಿಂದ ಕೇಂದ್ರದ ಗೌರವಧನ ಕಾರ್ಯಕರ್ತೆಗೆ ತಿಂಗಳಿಗೆ 4,500, ಸಹಾಯಕಿಗೆ 2,250; ಅದರ ಮೇಲೆ ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ. 2024ರಲ್ಲಿ ಕೇಂದ್ರ ಹೊರತಂದ ‘ನವಚೇತನ’ ಕೈಪಿಡಿಯಲ್ಲಿ ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗೆ 36 ತಿಂಗಳಿಗೆ ಹಂಚಿದ 140 ಚಟುವಟಿಕೆಗಳಿವೆ. ಒಳ್ಳೆಯ ಪುಸ್ತಕ. ಮನೆಗೆ ಹೋಗಿ ಅದನ್ನು ತಾಯಿಯ ಮುಂದೆ ಆಡಿ ತೋರಿಸುವ ಗಂಟೆ ಯಾರ ದಿನಚರಿಯಲ್ಲಿದೆ?

ಉತ್ತರದ ದಾರಿ ತಮಿಳುನಾಡಿನಲ್ಲಿ ಕಂಡಿತು. ಅಲೆಹಾಂಡ್ರೊ ಗಾನಿಮಿಯನ್, ಕಾರ್ತಿಕ್ ಮುರಳೀಧರನ್ ಮತ್ತು ಕ್ರಿಸ್ಟೋಫರ್ ವಾಲ್ಟರ್ಸ್ 320 ಅಂಗನವಾಡಿಗಳನ್ನು ಆರಿಸಿ, ಕೆಲವಕ್ಕೆ ಪಾಠ-ಆಟಕ್ಕೆಂದೇ ಅರ್ಧ ದಿನದ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಡಿಸಿದರು. ಕಲಿಕೆಯ ಸಮಯ ಇಮ್ಮಡಿಯಾಯಿತು. ಒಂದೂವರೆ ವರ್ಷದಲ್ಲಿ ಅಂಗನವಾಡಿ ಮಕ್ಕಳ ಭಾಷಾಜ್ಞಾನ 0.46, ಗಣಿತ 0.29 ಪ್ರಮಾಣ ವಿಚಲನೆಯಷ್ಟು ಏರಿತು. ಮೊದಲಿನ ಕಾರ್ಯಕರ್ತೆಗೆ ಆರೋಗ್ಯ-ಪೌಷ್ಟಿಕತೆಗೆ ಬಿಡುವು ಸಿಕ್ಕಿದ್ದರಿಂದ ಕುಂಠಿತ ಬೆಳವಣಿಗೆಯೂ ಇಳಿಯಿತು. ಲಾಭ ವೆಚ್ಚದ 13ರಿಂದ 21 ಪಟ್ಟು ಎಂದು ಅವರ ಅಂದಾಜು.

ಒಂದು ನೋಟದಲ್ಲಿ

- ಉಪ್ಪಿನ ಅಯೋಡಿನ್: ತಲೆಗೆ ವರ್ಷಕ್ಕೆ 4–5 ರೂಪಾಯಿ
- ಕಬ್ಬಿಣದ ಸಿರಪ್: ವರ್ಷಕ್ಕೆ 104 ಮಿಲಿಲೀಟರ್, ಮನೆಯವರಿಗೆ ಉಚಿತ
- ಹೊಕ್ಕುಳಬಳ್ಳಿ ತಡವಾಗಿ ಕತ್ತರಿಸುವುದು: 1–3 ನಿಮಿಷ, ಖರ್ಚಿಲ್ಲ
- ಅಂಗನವಾಡಿ ಆಹಾರ: ವರ್ಷಕ್ಕೆ 2,400 ರೂಪಾಯಿ
- ಗುಂಪಿನಲ್ಲಿ ಆಟ-ಮಾತು: ವರ್ಷಕ್ಕೆ ಸುಮಾರು 2,500 ರೂಪಾಯಿ
- ಮನೆಗೇ ಹೋಗಿ ಆಟ-ಮಾತು: ವರ್ಷಕ್ಕೆ ಸುಮಾರು 9,000 ರೂಪಾಯಿ

ನೂರಕ್ಕೆ 17 ಪೈಸೆ

ಪಟ್ಟಿಯ ಮೇಲಿನ ಸಾಲುಗಳು ಅಗ್ಗ, ಅವು ತಲುಪದಿರುವುದಕ್ಕೆ ಹಣದ ಅಡಚಣೆ ನೆಪವಾಗದು. ಕೆಳಗಿನ ಸಾಲುಗಳಲ್ಲಿ ಕೊಳ್ಳುವುದು ಮನುಷ್ಯರ ಸಮಯವನ್ನು. ಅದು ಎಷ್ಟಾದೀತು? ಕೇಂದ್ರದ 4,500 ರೂಪಾಯಿಯನ್ನೇ ಅಳತೆಗೋಲಾಗಿಟ್ಟು ಪ್ರತಿ ಅಂಗನವಾಡಿಗೆ ಅರ್ಧ ದಿನದ ಇನ್ನೊಬ್ಬ ಕಾರ್ಯಕರ್ತೆ ಎಂದರೆ ವರ್ಷಕ್ಕೆ 54 ಸಾವಿರ. 65 ಸಾವಿರ ಅಂಗನವಾಡಿಗಳಿಗೆ 351 ಕೋಟಿ. ಆ ಸಂಬಳ ಮರ್ಯಾದೆಯದಲ್ಲ ಎಂದು ಇಮ್ಮಡಿ ಮಾಡಿದರೆ 702 ಕೋಟಿ. ರಾಜ್ಯದ 2025–26ರ ಬಜೆಟ್ ಗಾತ್ರ 4,09,549 ಕೋಟಿ. ನೂರು ರೂಪಾಯಿಗೆ 17 ಪೈಸೆ. ಮೂರು ವರ್ಷದೊಳಗಿನವರ ವಾರದ ಗುಂಪುಗಳಿಗೆ ಒಡಿಶಾದ ದರದಲ್ಲಿ ಪ್ರತಿ 1 ಲಕ್ಷ ಮಕ್ಕಳಿಗೆ 25 ಕೋಟಿ. 10 ಲಕ್ಷ ಮಕ್ಕಳನ್ನು ಮುಟ್ಟಲು 250 ಕೋಟಿ, ಇನ್ನು 6 ಪೈಸೆ. ಬೆಲೆ ಏರಿಕೆ ಸೇರಿಸಿ ಎರಡನ್ನೂ ಮತ್ತೆ ದುಪ್ಪಟ್ಟು ಮಾಡಿದರೂ ಮೊತ್ತ 50 ಪೈಸೆಯ ಒಳಗೇ ನಿಲ್ಲುತ್ತದೆ.

ಪೂರಕ ಆಹಾರದ ದರವನ್ನು ಸೂಕ್ತವಾಗಿ ಏರಿಸುವುದಾಗಿ 2025ರ ಕೇಂದ್ರ ಬಜೆಟ್ ಹೇಳಿದೆ. ಒಂದು ಮೊಟ್ಟೆಗೇ ಆರೇಳು ರೂಪಾಯಿ ಇರುವಾಗ 8 ರೂಪಾಯಿಯ ದರ ಏರಲೇಬೇಕು. ಆ ಪರಿಷ್ಕರಣೆಯ ಕಡತದಲ್ಲೇ ಇನ್ನೊಂದು ಸಾಲು ಸೇರಿಸಲು ಇದು ಸಮಯ: ಮಗುವೊಂದಕ್ಕೆ ವಾರಕ್ಕೆ ಒಂದು ಗಂಟೆ, ಅದನ್ನು ನಡೆಸುವವರ ಸಂಬಳ ಸಹಿತ.